ಗಣಕಯಂತ್ರದ ಖರೀದಿ: ಬಿಲ್ಲಿನ ಬೆಲೆ, ಬಾಳಿಕೆಯ ವೆಚ್ಚ

ಗಣಕಯಂತ್ರ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ವಿಚಾರಿಸುತ್ತಾರೆ: ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಬೆಲೆ ಎಷ್ಟು. ಯಂತ್ರ ಕೆಟ್ಟಾಗ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ, ಎಷ್ಟು ವರ್ಷಗಳ ತನಕ ಬರುತ್ತಾರೆ ಎಂಬ ವಿಚಾರಣೆ ಮಾತ್ರ ಬಹುಮಟ್ಟಿಗೆ ಹಣ ಕೊಟ್ಟು ಮನೆಗೆ ಬಂದ ಮೇಲೆ, ಕೆಲವೊಮ್ಮೆ ಎರಡು ವರ್ಷ ಕಳೆದ ಮೇಲೆ, ನೆನಪಾಗುತ್ತದೆ. ನಮ್ಮ ಸದಸ್ಯ ಕುಟುಂಬಗಳಲ್ಲಿ ಈಗ ಒಂದೇ ಯಂತ್ರವಿರುವ ಮನೆ ಅಪರೂಪ. ಮಕ್ಕಳ ಓದಿಗೊಂದು, ಮನೆಯಿಂದಲೇ ಕಚೇರಿ ಕೆಲಸ ಮಾಡುವವರಿಗೊಂದು, ಊರಿನಲ್ಲಿರುವ ತಂದೆತಾಯಿಯರ ವಿಡಿಯೋ ಕರೆಗಾಗಿ ಮತ್ತೊಂದು. ಹೀಗಾಗಿ ಈ ಖರ್ಚು ಈಗ ಸಂಸಾರದ ಲೆಕ್ಕದಲ್ಲಿ ಮರಳಿ ಮರಳಿ ಬರುವ ಖರ್ಚಾಗಿದೆ. ಅದನ್ನು ಹೇಗೆ ತೂಗಿ ನೋಡಬೇಕೆಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ವ್ಯಾಪಾರ ಜಗತ್ತು ಈ ತೂಕಕ್ಕೆ ಬಹಳ ಹಿಂದೆಯೇ ಒಂದು ಹೆಸರಿಟ್ಟಿದೆ. ಅಮೆರಿಕದ ಗಾರ್ಟ್‌ನರ್ ಎಂಬ ಸಮಾಲೋಚನಾ ಸಂಸ್ಥೆಯ ಬಿಲ್ ಕಿರ್ವಿನ್ ಎಂಬವರು 1987ರಲ್ಲಿ ಕಚೇರಿಗಳ ಗಣಕಯಂತ್ರಗಳಿಗಾಗಿ ‘ಒಡೆತನದ ಒಟ್ಟು ವೆಚ್ಚ’ ಎಂಬ ಲೆಕ್ಕದ ಕ್ರಮವನ್ನು ರೂಪಿಸಿದರು. ಯಂತ್ರದ ಬೆಲೆಯೊಂದಿಗೆ ಅದರ ತಂತ್ರಾಂಶ, ದುರಸ್ತಿ, ಕಲಿಕೆ, ಅದು ಕೆಟ್ಟು ಕುಳಿತ ದಿನಗಳ ನಷ್ಟ ಇವೆಲ್ಲವನ್ನೂ ಕೂಡಿಸಿದರೆ ಬರುವ ಮೊತ್ತವೇ ನಿಜವಾದ ಬೆಲೆ ಎಂಬುದು ಇದರ ಸಾರ. ಹಸು ಕೊಳ್ಳುವವನು ಹುಲ್ಲು, ಹಿಂಡಿ, ಕೊಟ್ಟಿಗೆಗಳ ಲೆಕ್ಕ ಹಾಕದೆ ಹಗ್ಗ ಹಿಡಿಯುವುದಿಲ್ಲವೆಂಬುದನ್ನು ಬಲ್ಲ ನಮ್ಮ ಹಿರಿಯರಿಗೆ ಇದರಲ್ಲಿ ಹೊಸತೇನೂ ಕಾಣಲಾರದು.

ಮನೆಯ ಮಟ್ಟಿಗೆ ಈ ವೆಚ್ಚದಲ್ಲಿ ಕಣ್ಣಿಗೆ ಬೀಳದ ಬಾಬತ್ತುಗಳು ಹಲವಿವೆ. ಲ್ಯಾಪ್‌ಟಾಪಿನ ಲಿಥಿಯಂ ಬ್ಯಾಟರಿ ಸವೆಯುವ ವಸ್ತು. ಮೂರು ನಾಲ್ಕು ವರ್ಷಗಳಲ್ಲಿ ಅದನ್ನು ಬದಲಿಸಬೇಕಾಗುವುದು ಸಾಮಾನ್ಯ. ಯಂತ್ರಕ್ಕೆ ಮೂರು ವರ್ಷದ ವಾರಂಟಿ ಇದ್ದರೂ ಬ್ಯಾಟರಿಗೆ ಅನೇಕ ಕಡೆ ಒಂದೇ ವರ್ಷ. ಡೆಸ್ಕ್‌ಟಾಪ್ ಕೊಂಡರೆ ಯುಪಿಎಸ್ ಬೇಕು, ಅದರ ಬ್ಯಾಟರಿಗೂ ಆಯುಷ್ಯದ ಮಿತಿಯಿದೆ. ವಿದ್ಯುತ್ತಿನ ಖರ್ಚು ಜನ ಭಾವಿಸುವಷ್ಟು ದೊಡ್ಡದಲ್ಲ. ಪರದೆಯೂ ಸೇರಿ 120 ವ್ಯಾಟ್ ಬಳಸುವ ಡೆಸ್ಕ್‌ಟಾಪನ್ನು ದಿನಕ್ಕೆ ನಾಲ್ಕು ಗಂಟೆ ನಡೆಸಿದರೆ ವರ್ಷಕ್ಕೆ ಸುಮಾರು 175 ಯೂನಿಟ್, 40 ವ್ಯಾಟಿನ ಲ್ಯಾಪ್‌ಟಾಪಿಗೆ ಸುಮಾರು 58 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದುಕೊಂಡರೂ ವ್ಯತ್ಯಾಸ ವರ್ಷಕ್ಕೆ ಸಾವಿರ ರೂಪಾಯಿಯೊಳಗೇ ಉಳಿಯುತ್ತದೆ. ಮುದ್ರಣಯಂತ್ರದ ಕಥೆ ಬೇರೆ. ಅಗ್ಗದ ಇಂಕ್‌ಜೆಟ್ ಪ್ರಿಂಟರನ್ನು ಕೊಂಡು ಕಾರ್ಟ್ರಿಜ್ಜಿಗಾಗಿ ವರ್ಷವಿಡೀ ಕಪ್ಪ ಕೊಡುವ ಕುಟುಂಬಗಳನ್ನು ನಾವು ಬಹಳ ಕಂಡಿದ್ದೇವೆ. ತಿಂಗಳಿಗೆ ಹತ್ತಾರು ಪುಟ ಮುದ್ರಿಸುವವರಿಗೆ ಶಾಯಿಯ ತೊಟ್ಟಿಯುಳ್ಳ ಪ್ರಿಂಟರ್ ಒಳ್ಳೆಯದು. ಎರಡು ತಿಂಗಳಿಗೊಮ್ಮೆ ಒಂದೆರಡು ಹಾಳೆ ಮುದ್ರಿಸುವವರು ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಗೆ ಹೋಗಿಬರುವುದೇ ಲೇಸು, ಏಕೆಂದರೆ ಬಳಸದ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ.

ಕೊನೆಯ ದಿನಾಂಕವನ್ನು ಮೊದಲು ನೋಡಬೇಕು

ಯಂತ್ರ ಗಟ್ಟಿಮುಟ್ಟಾಗಿದ್ದರೂ ಅದರ ಕಾರ್ಯಾಚರಣ ವ್ಯವಸ್ಥೆಗೆ ಭದ್ರತಾ ಪರಿಷ್ಕರಣೆಗಳು ನಿಂತ ದಿನ, ಬ್ಯಾಂಕಿನ ವ್ಯವಹಾರಕ್ಕೆ ಅದು ನಂಬಲರ್ಹವಾಗಿ ಉಳಿಯುವುದಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲವನ್ನು ಕೊನೆಗೊಳಿಸಿತು. ಆಫೀಸ್ 2016 ಮತ್ತು 2019 ಆವೃತ್ತಿಗಳ ಬೆಂಬಲವೂ ಅದೇ ಅಕ್ಟೋಬರ್ 14ರಂದು ಮುಗಿಯಿತು.

ಇವುಗಳಲ್ಲಿ ವಿಂಡೋಸ್ 10ರ ಪ್ರಸಂಗದಿಂದ ಕಲಿಯಬೇಕಾದುದು ಹೆಚ್ಚು. ಹಿಂದೆಲ್ಲ ಹಳೆಯ ಯಂತ್ರದಲ್ಲಿ ಹೊಸ ವಿಂಡೋಸ್ ನಿಧಾನವಾಗಿಯಾದರೂ ನಡೆಯುತ್ತಿತ್ತು. ವಿಂಡೋಸ್ 11 ಹಾಗಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ, ಇಂಟೆಲ್ ಆದರೆ ಸ್ಥೂಲವಾಗಿ ಎಂಟನೆಯ ತಲೆಮಾರಿನ ಅಥವಾ ಆನಂತರದ ಪ್ರೊಸೆಸರೂ ಬೇಕು. ಆದ್ದರಿಂದ 2017ರ ಮೊದಲ ತಿಂಗಳುಗಳಲ್ಲಿ ಏಳನೆಯ ತಲೆಮಾರಿನ ಯಂತ್ರವನ್ನು ಪೂರ್ಣ ಬೆಲೆ ಕೊಟ್ಟು ಕೊಂಡವರಿಗೂ ಎಂಟು ವರ್ಷಗಳಲ್ಲಿ ದಾರಿ ಮುಚ್ಚಿತು. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗಿನ ಒಂದು ವರ್ಷದ ಹೆಚ್ಚುವರಿ ಭದ್ರತಾ ಯೋಜನೆಯನ್ನು ಸಂಸ್ಥೆ ಘೋಷಿಸಿತಾದರೂ ಅದು ಅವಧಿಯ ವಿಸ್ತರಣೆ ಮಾತ್ರ. ಹಳೆಯ ದಾಸ್ತಾನನ್ನು ಭಾರೀ ರಿಯಾಯಿತಿಯಲ್ಲಿ ಮಾರುವಾಗ ಅಂಗಡಿಯವನು ಈ ಮಾತನ್ನು ಎತ್ತುವುದಿಲ್ಲ.

ಆಪಲ್ ಯಂತ್ರಗಳ ವಿಷಯದಲ್ಲೂ ಇಂಥದೇ ಗಡಿಯೊಂದು ಬಂದಿದೆ. 2025ರಲ್ಲಿ ಬಂದ ಮ್ಯಾಕ್ ಓಎಸ್ ಟಾಹೋ ಆವೃತ್ತಿಯೇ ಇಂಟೆಲ್ ಪ್ರೊಸೆಸರಿನ ಮ್ಯಾಕ್‌ಗಳಿಗೆ ಕೊನೆಯದೆಂದು ಸಂಸ್ಥೆ ಪ್ರಕಟಿಸಿತು. ಆದ್ದರಿಂದ ಪರಿಚಿತರಿಂದ ಹಳೆಯ ಮ್ಯಾಕ್ ಕೊಳ್ಳುವವರು ಅದರೊಳಗಿರುವುದು ಯಾವ ಪ್ರೊಸೆಸರ್ ಎಂದು ನೋಡಿಯೇ ಮುಂಗಡ ಕೊಡಬೇಕು. ಕ್ರೋಮ್‌ಬುಕ್‌ಗಳಿಗೆ ಹತ್ತು ವರ್ಷಗಳ ಪರಿಷ್ಕರಣೆಯನ್ನು ಗೂಗಲ್ 2023ರಲ್ಲಿ ಘೋಷಿಸಿತು. ಆದರೆ ಆ ಹತ್ತು ವರ್ಷಗಳ ಎಣಿಕೆ ಆರಂಭವಾಗುವುದು ಆ ಮಾದರಿ ಮಾರುಕಟ್ಟೆಗೆ ಬಂದ ಕಾಲದಿಂದ, ನಾವು ಕೊಂಡ ದಿನದಿಂದಲ್ಲ. ಕೆಲಸಕ್ಕೆ ಒದಗುವ ಹಳೆಯ ಯಂತ್ರವನ್ನು ಎಸೆಯಲು ಮನಸ್ಸಿಲ್ಲದವರಿಗೆ ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಗಳಿವೆ. ಅಂತರ್ಜಾಲ, ಪತ್ರವ್ಯವಹಾರ, ಚಲನಚಿತ್ರ ವೀಕ್ಷಣೆಗಳಿಗೆ ಅವು ಧಾರಾಳವಾಗಿ ಸಾಕು. ಮನೆಯಲ್ಲಿ ಅದನ್ನು ಅಳವಡಿಸಿಕೊಡಬಲ್ಲ ಒಬ್ಬರಿರಬೇಕು, ಅಷ್ಟೆ.

ವಾರಂಟಿ ಎಂಬ ಪದದೊಳಗೆ

‘ಒಂದು ವರ್ಷದ ವಾರಂಟಿ’ ಎಂಬ ಮೂರು ಪದಗಳ ಹಿಂದೆ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದರಲ್ಲಿ ಯಂತ್ರವನ್ನು ನಾವೇ ಹೊತ್ತು ಸೇವಾಕೇಂದ್ರಕ್ಕೆ ಒಯ್ಯಬೇಕು, ಚೀಟಿ ಪಡೆದು ಕಾಯಬೇಕು. ಇನ್ನೊಂದರಲ್ಲಿ ತಂತ್ರಜ್ಞರು ಮನೆಗೇ ಬರುತ್ತಾರೆ. ಈ ಎರಡನೆಯದರಲ್ಲೂ ‘ಮರುದಿನದ ಭೇಟಿ’ ಎಂದು ಬರೆದಿದ್ದರೆ ದೂರವಾಣಿಯಲ್ಲಿ ದೋಷ ನಿರ್ಧಾರವಾಗಿ, ಬಿಡಿಭಾಗ ಲಭ್ಯವಿದ್ದ ಮೇಲಿನ ಮರುದಿನ ಎಂದು ಅರ್ಥಮಾಡಿಕೊಳ್ಳಬೇಕು. ಬಿದ್ದು ಒಡೆದುದು, ಕಾಫಿ ಚೆಲ್ಲಿದುದು, ವಿದ್ಯುತ್ ಏರಿಳಿತದಿಂದ ಸುಟ್ಟುದು ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ. ಅದಕ್ಕೆ ಅಪಘಾತ ರಕ್ಷಣೆ ಎಂಬ ಪ್ರತ್ಯೇಕ ಯೋಜನೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ದುಂದು ಎನಿಸುವುದಿಲ್ಲ.

ನಮ್ಮಂಥ ಪರಊರಿನ ಕುಟುಂಬಗಳಿಗೆ ಮುಖ್ಯವಾದ ಮಾತು ಇನ್ನೊಂದಿದೆ. ಪುಣೆಯಲ್ಲೋ ದಿಲ್ಲಿಯಲ್ಲೋ ಯಂತ್ರ ಕೊಂಡು ಶಿರಸಿಗೋ ಸಾಗರಕ್ಕೋ ಬೀದರಿಗೋ ಒಯ್ದು ಕೊಡುವ ಮಕ್ಕಳು, ಮನೆಬಾಗಿಲಿನ ಸೇವೆ ಆ ಊರಿನ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕಂಪನಿಯ ಸಹಾಯವಾಣಿಯಲ್ಲಿ ಕೇಳಿ ತಿಳಿಯಬೇಕು. ಮಹಾನಗರದಲ್ಲಿ ಮರುದಿನ ಬರುವವರು ತಾಲ್ಲೂಕು ಕೇಂದ್ರಕ್ಕೆ ವಾರದ ಮೇಲೆ ಬರಬಹುದು, ಅಥವಾ ಹುಬ್ಬಳ್ಳಿಗೋ ಮಂಗಳೂರಿಗೋ ತನ್ನಿರೆಂದು ಹೇಳಬಹುದು. ಎಪ್ಪತ್ತು ದಾಟಿದ ತಂದೆಯವರು ಲ್ಯಾಪ್‌ಟಾಪಿನ ಚೀಲ ಹಿಡಿದು ಬಸ್ಸು ಹತ್ತುವ ಪ್ರಸಂಗ ಬಂದರೆ ಅಂಗಡಿಯಲ್ಲಿ ಉಳಿದ ಮೂರು ಸಾವಿರಕ್ಕೆ ಯಾವ ಬೆಲೆಯೂ ಇಲ್ಲ. ಅಂಥವರಿಗಾಗಿ ಕೊಳ್ಳುವಾಗ, ಆ ಊರಿನಲ್ಲೇ ಸೇವೆಯುಳ್ಳ ಕಂಪನಿಯ ಸಾಧಾರಣ ಯಂತ್ರವೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಒಂದೇ ಕಂಪನಿಯು ಎಲ್ಲ ಗ್ರಾಹಕರನ್ನೂ ಒಂದೇ ಬಗೆಯಾಗಿ ನೋಡಿಕೊಳ್ಳುವುದಿಲ್ಲವೆಂಬುದಕ್ಕೆ ಬೆಂಗಳೂರಿಗೇ ಸಂಬಂಧಿಸಿದ ಹಳೆಯ ನಿದರ್ಶನವೊಂದಿದೆ. ಡೆಲ್ ಸಂಸ್ಥೆಯು 2001ರಲ್ಲಿ ಬೆಂಗಳೂರಿನಲ್ಲಿ ಗ್ರಾಹಕ ಸೇವಾ ಕೇಂದ್ರವನ್ನು ತೆರೆದು ಅಮೆರಿಕದ ಗ್ರಾಹಕರ ಕರೆಗಳನ್ನು ಇಲ್ಲಿಗೆ ತಿರುಗಿಸಿತು. ಗ್ರಾಹಕರ ದೂರುಗಳು ಹೆಚ್ಚಿದಾಗ, 2003ರ ನವೆಂಬರಿನಲ್ಲಿ, ವಾಣಿಜ್ಯ ಸಂಸ್ಥೆಗಳು ಬಳಸುವ ಆಪ್ಟಿಪ್ಲೆಕ್ಸ್ ಮತ್ತು ಲ್ಯಾಟಿಟ್ಯೂಡ್ ಯಂತ್ರಗಳ ಕರೆಗಳನ್ನು ಮರಳಿ ಅಮೆರಿಕದ ಕೇಂದ್ರಗಳಿಗೆ ಒಯ್ದಿತು. ಮನೆಬಳಕೆಯ ಯಂತ್ರಗಳ ಕರೆಗಳು ಬೆಂಗಳೂರಿನಲ್ಲೇ ಮುಂದುವರಿದವು. ನಮ್ಮ ತರುಣರ ಸಾಮರ್ಥ್ಯದ ಬಗೆಗೆ ಆಗ ಬಹಳ ವಾಗ್ವಾದ ನಡೆಯಿತು. ಆದರೆ ಕೊಳ್ಳುವವನು ಗಮನಿಸಬೇಕಾದುದು ಬೇರೆ: ದೂರು ಕೇಳಿ ಕಂಪನಿ ಮೊದಲು ಓಡಿದ್ದು ಸಗಟಾಗಿ ಕೊಳ್ಳುವ ಗಿರಾಕಿಯ ಕಡೆಗೆ. ಇಂದಿಗೂ ದೊಡ್ಡ ಕಂಪನಿಗಳಲ್ಲಿ ಕಚೇರಿ ವರ್ಗದ ಯಂತ್ರಗಳಿಗೂ ಮನೆವರ್ಗದ ಯಂತ್ರಗಳಿಗೂ ಬೇರೆ ಬೇರೆ ಸೇವಾ ವ್ಯವಸ್ಥೆಯಿರುವುದು ಸಾಮಾನ್ಯ. ಕಚೇರಿ ವರ್ಗದ ಒಂದೇ ಯಂತ್ರವನ್ನು ಬಿಡಿ ಗ್ರಾಹಕರೂ ಕೊಳ್ಳಬಹುದೆಂಬುದು ಅನೇಕರಿಗೆ ತಿಳಿದಿಲ್ಲ.

ವಾರಂಟಿಯ ಯಾವ ಕಾಗದವೂ ನಮ್ಮ ಕಡತಗಳ ಹೊಣೆ ಹೊರುವುದಿಲ್ಲ. ಡಿಸ್ಕ್ ಕೆಟ್ಟರೆ ಹೊಸ ಡಿಸ್ಕ್ ಬರುತ್ತದೆ. ಮಗಳ ಮದುವೆಯ ಚಿತ್ರಗಳು ಬರುವುದಿಲ್ಲ. ಹೊರಗಿನ ಹಾರ್ಡ್‌ಡಿಸ್ಕ್ ಒಂದನ್ನು ಗಣಕಯಂತ್ರದ ಬೆಲೆಯ ಭಾಗವೆಂದೇ ಎಣಿಸಿ ಜೊತೆಯಲ್ಲೇ ಕೊಂಡುಬಿಡುವುದು ಸೂಕ್ತ.

ಗ್ರಾಹಕ ಸೇವೆಯ ಹೆಸರಿನಲ್ಲಿ ನಡೆಯುವ ವಂಚನೆಯನ್ನೂ ಇಲ್ಲಿಯೇ ಹೇಳಬೇಕು. ಯಂತ್ರ ಕೆಟ್ಟಾಗ ಅಂತರ್ಜಾಲದಲ್ಲಿ ಕಂಪನಿಯ ಹೆಸರು ಹುಡುಕಿ ಸಿಕ್ಕ ಸಂಖ್ಯೆಗೆ ಕರೆಮಾಡುವುದು ಅಪಾಯಕರ. ಅಲ್ಲಿ ಕಾದಿರುವ ವಂಚಕರು ದೂರನಿಯಂತ್ರಣದ ತಂತ್ರಾಂಶವೊಂದನ್ನು ಹಾಕಿಸಿ ಬ್ಯಾಂಕಿನ ಖಾತೆಯವರೆಗೂ ಕೈಚಾಚುತ್ತಾರೆ. ‘ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆಮಾಡಿ’ ಎಂದು ಪರದೆಯ ಮೇಲೆ ಹಠಾತ್ತನೆ ಮೂಡುವ ಎಚ್ಚರಿಕೆಯೂ ಇದೇ ಜಾತಿಯದು. ಯಂತ್ರ ಮನೆಗೆ ಬಂದ ದಿನವೇ ಪೆಟ್ಟಿಗೆಯಲ್ಲಿನ ಕಾಗದದಿಂದ ನಿಜವಾದ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಿರಿಯರ ಮೇಜಿನ ಮೇಲೆ ಅಂಟಿಸುವುದು ಉತ್ತಮ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಅದು ಸೈಬರ್ ಅಪರಾಧಗಳ ರಾಷ್ಟ್ರೀಯ ಸಹಾಯವಾಣಿ.

ಒಂದು ಲೆಕ್ಕ

ಕೆಳಗಿನ ಮೊತ್ತಗಳು ಉದಾಹರಣೆಗಾಗಿ ನಾವು ಇಟ್ಟುಕೊಂಡವು. ಮಾರುಕಟ್ಟೆಯ ದರ ಬದಲಾಗುತ್ತಲೇ ಇರುತ್ತದೆ. ಮೊದಲನೆಯ ಯಂತ್ರದ ಬೆಲೆ 42,000 ರೂಪಾಯಿ, ವಾರಂಟಿ ಒಂದು ವರ್ಷ. ಮೂರನೆಯ ವರ್ಷ ಮದರ್‌ಬೋರ್ಡ್ ಕೆಟ್ಟು 15,000, ಕೀಲು ಮತ್ತು ಕೀಲಿಮಣೆಗೆ 4,500, ಬ್ಯಾಟರಿಗೆ 4,500. ಒಟ್ಟು 66,000. ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 16,500. ಎರಡನೆಯದು ಕಚೇರಿ ವರ್ಗದ ಯಂತ್ರ, ಬೆಲೆ 60,000. ಮೂರು ವರ್ಷದ ಮನೆಬಾಗಿಲಿನ ಸೇವೆಗೆ 6,000, ನಾಲ್ಕನೆಯ ವರ್ಷ ಬ್ಯಾಟರಿಗೆ 6,000. ಒಟ್ಟು 72,000. ಆರು ವರ್ಷ ಬಾಳಿದರೆ ವರ್ಷಕ್ಕೆ 12,000.

ಇಲ್ಲಿಗೇ ನಿಲ್ಲಿಸಿದರೆ ಮಾರಾಟಗಾರರ ಮಾತಾದೀತು. ಮೊದಲನೆಯ ಯಂತ್ರ ಬ್ಯಾಟರಿಯೊಂದನ್ನು ಬಿಟ್ಟು ಬೇರೇನೂ ಕೇಳದೆ ನಾಲ್ಕು ವರ್ಷ ನಡೆದರೆ ಖರ್ಚು 46,500, ಅಂದರೆ ವರ್ಷಕ್ಕೆ 11,625. ಆಗ ಅಗ್ಗದ್ದೇ ಅಗ್ಗ. ಹೆಚ್ಚುವರಿ ವಾರಂಟಿ ಒಂದು ಬಗೆಯ ವಿಮೆ. ಯಂತ್ರ ಎರಡು ದಿನ ನಿಂತರೆ ಆಕಾಶ ಬೀಳದ ಮನೆಯಲ್ಲಿ, ಪಕ್ಕದ ಬೀದಿಯಲ್ಲೇ ದುರಸ್ತಿಯವರಿರುವ ಮುಂಬಯಿಯಂಥ ಊರಿನಲ್ಲಿ, ಅದನ್ನು ಕೈಬಿಡಬಹುದು. ಪರೀಕ್ಷೆಯ ಹೊಸ್ತಿಲಲ್ಲಿರುವ ವಿದ್ಯಾರ್ಥಿಗೆ, ಆ ಯಂತ್ರದಿಂದಲೇ ಅನ್ನ ದುಡಿಯುವವರಿಗೆ, ದೂರದ ಊರಿನ ಹಿರಿಯರಿಗೆ ಅದು ಬೇಕು. ಪರದೆ, ಪ್ರೊಸೆಸರುಗಳಿಗಿಂತ ಈ ಪ್ರಶ್ನೆಗೇ ಕುಟುಂಬದಲ್ಲಿ ಹೆಚ್ಚು ಚರ್ಚೆ ನಡೆಯಬೇಕೆಂದು ನಮಗನಿಸುತ್ತದೆ.

ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುವ ತೆಳ್ಳನೆಯ ಯಂತ್ರಗಳಲ್ಲಿ ಮುಂದೆ ಅದನ್ನು ಹೆಚ್ಚಿಸಲಾಗುವುದಿಲ್ಲ. ಅಂಥದನ್ನು ಕೊಳ್ಳುವುದಾದರೆ ಮೊದಲೇ 16 ಜಿಬಿ ಇರುವುದನ್ನು ಆರಿಸಬೇಕು. ಬೆಸುಗೆಯಿಲ್ಲದ ಯಂತ್ರವಾದರೆ ಈಗ ಕಡಿಮೆ ಹಾಕಿಸಿ ಆಮೇಲೆ ಹೆಚ್ಚಿಸಬಹುದು ಎಂಬುದು ಹಳೆಯ ಜಾಣತನ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತವಾಗಿ ಏರಿದಾಗ ಆ ಜಾಣತನವೂ ಕೈಕೊಟ್ಟಿತು.

ಜೋಡಿಸಿದ ಯಂತ್ರ, ಮರೆಯಾದ ಹೆಸರು

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ಡೆಸ್ಕ್‌ಟಾಪಿಗೆ ಒಟ್ಟಾದ ವಾರಂಟಿ ಇರುವುದಿಲ್ಲ. ಪ್ರತಿಯೊಂದು ಭಾಗಕ್ಕೂ ಅದರದರ ತಯಾರಕರ ವಾರಂಟಿ. ಅವು ಅನೇಕ ವೇಳೆ ಮೂರು ವರ್ಷ ಅಥವಾ ಹೆಚ್ಚು, ಅಂದರೆ ಹೆಸರಾಂತ ಕಂಪನಿಯ ಒಂದು ವರ್ಷಕ್ಕಿಂತ ಉದಾರ. ತೊಡಕೆಂದರೆ ಯಾವ ಭಾಗ ಕೆಟ್ಟಿದೆಯೆಂದು ಪತ್ತೆ ಮಾಡುವುದು ನಮ್ಮದೋ ಅಂಗಡಿಯವನದೋ ಪಾಲಿಗೆ ಬರುತ್ತದೆ. ಹತ್ತು ವರ್ಷಗಳಿಂದ ಒಂದೇ ಮಳಿಗೆಯಲ್ಲಿರುವ, ಫೋನ್ ಎತ್ತುವ ಅಂಗಡಿಯವನು ಇಲ್ಲಿ ದೊಡ್ಡ ಆಸ್ತಿ.

ಬಿಲ್ಲು ಜೋಪಾನ ಮಾಡುವುದರ ಬೆಲೆಯೂ ಇಂಥಲ್ಲೇ ತಿಳಿಯುವುದು. ಇಂಟೆಲ್ ಕಂಪನಿಯ 13 ಮತ್ತು 14ನೆಯ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅಸ್ಥಿರತೆಯ ದೋಷ ಕಂಡುಬಂದು, 2024ರ ಆಗಸ್ಟಿನಲ್ಲಿ ಕಂಪನಿ ಅವುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಜಿಎಸ್‌ಟಿ ಉಳಿಸುವ ಆಸೆಗೆ ಬಿಳಿಹಾಳೆಯ ಚೀಟಿ ಪಡೆದವರ ಕೈಯಲ್ಲಿ ಇಂಥ ಸಂದರ್ಭದಲ್ಲಿ ತೋರಿಸಲು ಏನೂ ಇರುವುದಿಲ್ಲ.

ದೊಡ್ಡ ಹೆಸರು ಶಾಶ್ವತವೆಂದೂ ತಿಳಿಯಬಾರದು. ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರ್ ವಿಭಾಗವನ್ನು 2005ರಲ್ಲಿ ಲೆನೊವೊಗೆ ವಹಿಸಿತು. ನಮ್ಮ ಬೆಂಗಳೂರಿನ ವಿಪ್ರೊ 2013ರಲ್ಲಿ ಗಣಕಯಂತ್ರ ತಯಾರಿಕೆಯನ್ನು ನಿಲ್ಲಿಸಿತು. ಸೋನಿ 2014ರಲ್ಲಿ ವಾಯೊ ವ್ಯವಹಾರವನ್ನು ಮಾರಿತು. ವ್ಯವಹಾರ ನಿಂತರೂ ವಾರಂಟಿಯ ಹೊಣೆ ತೀರುವುದಿಲ್ಲವಾದರೂ, ಆ ಅವಧಿ ಮುಗಿದ ಮೇಲೆ ಬಿಡಿಭಾಗ ಹುಡುಕುವ ಕಷ್ಟ ಒಡೆಯನದೇ. ಮಾರುಕಟ್ಟೆಯಲ್ಲಿ ಹೆಚ್ಚು ಓಡುವ ಮಾದರಿಯನ್ನೇ ಆರಿಸುವುದರಲ್ಲಿ ಈ ಕಾರಣಕ್ಕೆ ಜಾಣತನವಿದೆ. ಅದರ ಬ್ಯಾಟರಿ, ಪರದೆ, ಕೀಲಿಮಣೆ ಐದು ವರ್ಷದ ಮೇಲೂ ಸಿಕ್ಕುತ್ತವೆ.

ಸಂಘಗಳ ಕನ್ನಡ ಕಡತಗಳು

ಹೊರನಾಡಿನ ಕನ್ನಡ ಸಂಘಗಳಿಗೆ ಮಾತ್ರ ತಟ್ಟುವ ಒಂದು ವೆಚ್ಚ ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ತೊಂಬತ್ತರ ದಶಕದಿಂದ ಹಲವು ವರ್ಷ ನಮ್ಮಂಥವರ ಸ್ಮರಣ ಸಂಚಿಕೆಗಳು, ಸದಸ್ಯರ ಪಟ್ಟಿಗಳು, ನಾಟಕದ ಹಸ್ತಪ್ರತಿಗಳು ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಸಿದ್ಧವಾದವು. ಅವುಗಳಲ್ಲಿ ಯಂತ್ರ ಕಾಪಿಟ್ಟಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನು. ಫಾಂಟ್ ಇದ್ದರಷ್ಟೇ ಅವು ಕನ್ನಡವಾಗಿ ಕಾಣುತ್ತವೆ. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೆಳ್ಳಿಹಬ್ಬದ ಸಂಚಿಕೆಯ ಸಂಪಾದಕೀಯ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಪುಟವಿನ್ಯಾಸಕ್ಕೆ ಬಳಸಿದ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಇಂದಿನ ವಿಂಡೋಸ್‌ಗಾಗಿ ಅದು ರೂಪುಗೊಂಡದ್ದಲ್ಲ.

ಆದ್ದರಿಂದ ಕಚೇರಿಗೆ ಹೊಸ ಯಂತ್ರ ಬಂದ ದಿನವೇ ಹಳೆಯದನ್ನು ಗುಜರಿಗೆ ಹಾಕಬಾರದು. ಮೊದಲು ಹಳೆಯ ಯಂತ್ರದಲ್ಲೇ ಪ್ರತಿಯೊಂದು ಸಂಚಿಕೆಯ ಪಿಡಿಎಫ್ ಪ್ರತಿ ತೆಗೆಯಬೇಕು. ಅನಂತರ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕ ತಂತ್ರಾಂಶಗಳು ಲಭ್ಯವಿವೆಯಾದರೂ ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುವುದರಿಂದ ಕನ್ನಡ ಬಲ್ಲವರೊಬ್ಬರು ಕುಳಿತು ಕರಡು ತಿದ್ದಲೇಬೇಕು. ಈ ಶ್ರಮಕ್ಕೆ ಸಂಭಾವನೆಯನ್ನು ಹೊಸ ಯಂತ್ರದ ಅಂದಾಜು ಪಟ್ಟಿಯಲ್ಲೇ ಸೇರಿಸುವಂತೆ ಕಾರ್ಯಕಾರಿ ಸಮಿತಿಗಳಿಗೆ ಸೂಚಿಸುತ್ತೇವೆ. ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವಾಗ ಬಿಡಿಭಾಗಗಳ ಬೆಲೆಯೂ ಸೇರಿದೆಯೇ, ಬರಿಯ ಕೈಗೂಲಿಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು.

ಸೇವೆ ದೊರೆಯದಿದ್ದರೆ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಅದರ ಪ್ರಕಾರ ಗ್ರಾಹಕನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ. ಊರು ಬಿಟ್ಟು ಊರಿಗೆ ವರ್ಗವಾಗುವ ನಮ್ಮವರಿಗೂ, ಅಂತರ್ಜಾಲದಲ್ಲಿ ಕೊಳ್ಳುವವರಿಗೂ ಇದು ದೊಡ್ಡ ಅನುಕೂಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ದೂರಿನ ಕಾರಣ ಉಂಟಾದ ಎರಡು ವರ್ಷದೊಳಗೆ ಸಲ್ಲಿಸಬೇಕು.

ಆಯೋಗದ ಮೆಟ್ಟಿಲು ಹತ್ತುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬಹುದು. ಅಲ್ಲಿ ಕನ್ನಡವೂ ಸೇರಿದಂತೆ 17 ಭಾಷೆಗಳಲ್ಲಿ ಮಾತನಾಡಬಹುದು. ದಿಲ್ಲಿಯಲ್ಲಿದ್ದುಕೊಂಡು ಕನ್ನಡದಲ್ಲಿ ದೂರು ಹೇಳುವುದಕ್ಕೂ ಅಡ್ಡಿಯಿಲ್ಲ. ಕರೆಮಾಡುವಾಗ ಬಿಲ್ಲು, ಯಂತ್ರದ ಕ್ರಮಸಂಖ್ಯೆ, ಸೇವಾಕೇಂದ್ರ ಕೊಟ್ಟ ಚೀಟಿ, ಕಂಪನಿಗೆ ಮಾಡಿದ ಕರೆಗಳ ದಿನಾಂಕ ಮತ್ತು ದೂರು ಸಂಖ್ಯೆಗಳು ಕೈಯಲ್ಲಿರಬೇಕು. ಕೆಲವು ಕಂಪನಿಗಳ ದಾಖಲೆಯಲ್ಲಿ ವಾರಂಟಿಯ ಎಣಿಕೆ ಯಂತ್ರ ಕಾರ್ಖಾನೆಯಿಂದ ಹೊರಟ ದಿನದಿಂದಲೇ ಆರಂಭವಾಗಿರುತ್ತದೆ. ಕೊಂಡ ವಾರದಲ್ಲೇ ಕಂಪನಿಯ ಜಾಲತಾಣದಲ್ಲಿ ಕ್ರಮಸಂಖ್ಯೆ ನಮೂದಿಸಿ ನೋಡಿ, ದಿನಾಂಕ ತಪ್ಪಿದ್ದರೆ ಬಿಲ್ಲಿನ ಪ್ರತಿ ಕಳುಹಿಸಿ ಸರಿಪಡಿಸಿಕೊಳ್ಳಬಹುದು. ಆ ಬಿಲ್ಲಿನ ಶಾಯಿ ವರ್ಷದೊಳಗೆ ಮಾಸಿಹೋಗುವ ಕಾಗದದ ಮೇಲಿದ್ದರೆ ಅಂದೇ ಒಂದು ನೆರಳಚ್ಚು ಪ್ರತಿ ತೆಗೆದಿಡತಕ್ಕದ್ದು.